ಕೆಲಸ ತೋರಿಸು, ಮನೆ ತೋರಿಸಬೇಡ

ನಮ್ಮ ಲ್ಯಾಬ್ ಮೇಡಂ ಅವರ ಪಾದಗಳು ಮಧ್ಯಾಹ್ನದ ಹೊತ್ತಿಗೆ ಎಷ್ಟು ಊದಿಕೊಂಡಿರುತ್ತಿದ್ದವೆಂದರೆ, ಚಪ್ಪಲಿ ಕಳಚಿದ ಮೇಲೂ ಅದರ ಪಟ್ಟಿಯ ಗುರುತು ಚರ್ಮದ ಮೇಲೆ ಕೆಂಪಗೆ ಕೂತಿರುತ್ತಿತ್ತು. ಕೆಟ್ಟು ಮೂಲೆ ಸೇರಿದ್ದ ಒಂದು ಸಿಪಿಯು ಡಬ್ಬವನ್ನು ಅವರು ಮೇಜಿನ ಕೆಳಗೆ ಅಡ್ಡ ಮಲಗಿಸಿಕೊಂಡಿದ್ದರು. ಅದರ ಮೇಲೆ ಎರಡೂ ಕಾಲು ಚಾಚಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಕಣ್ಣು ಮುಚ್ಚಿ ಉದ್ದಕ್ಕೆ ಒಂದು ಉಸಿರು ಬಿಡುತ್ತಿದ್ದರು. ಆ ಉಸಿರು ಮುಗಿಯುವವರೆಗೆ ನಾವ್ಯಾರೂ ಮಾತಾಡುವಂತಿರಲಿಲ್ಲ. ಆಮೇಲೆ ಕಣ್ಣು ಬಿಟ್ಟು, "ಹೂಂ, ಇವತ್ತು ಯಾರ ಮನೆ ಹುಡುಕೋಣ?" ಎನ್ನುತ್ತಿದ್ದರು.

ವಿಜಯನಗರದ ನಮ್ಮ ಪುಟ್ಟ ಕಾಲೇಜಿನಲ್ಲಿ ಬಿಸಿಎ ಮಕ್ಕಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಅತಿಥಿ ಉಪನ್ಯಾಸಕಿ ಅವರು. ವರ್ಷಗಟ್ಟಲೆ ಉಳಿದುಬಿಟ್ಟ ಅತಿಥಿಯನ್ನು ಯಾರು ತಾನೇ ಉಪಚರಿಸುತ್ತಾರೆ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಮನೆ ಕೆಂಗೇರಿ ಉಪನಗರದಲ್ಲಿ. ಹಾಸಿಗೆ ಹಿಡಿದಿದ್ದ ಅತ್ತೆಯ ಸ್ನಾನ, ತಿಂಡಿ, ಮಾತ್ರೆ ಎಲ್ಲ ಮುಗಿಸಿ, ಗಂಡನ ಡಬ್ಬಿ ಕಟ್ಟಿ, ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದರು. ಬೆಳಗಿನ ಕ್ಲಾಸುಗಳೂ ನಿಂತುಕೊಂಡೇ. ದಿನದಲ್ಲಿ ಮೊದಲ ಸಲ ಕೂರುತ್ತಿದ್ದದ್ದು ನಮ್ಮ ಲ್ಯಾಬಿನಲ್ಲಿ. "ಸಾಕಾಗಿದೆ ಕಣೇ" ಎಂಬುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಹಾಗೆಂದು ಸಾಕಾಗಿದೆ ಎಂದವರು ಎದ್ದು ಹೋದದ್ದನ್ನು ಮಾತ್ರ ನಾನು ನೋಡಿಲ್ಲ. ಹಾಗೆ ಹೇಳಿದ ಮೇಲೆಯೇ ಇನ್ನೊಬ್ಬರ ಸ್ಕ್ರೀನಿನ ಕಡೆ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಈಗ ಆಫೀಸು ಮುಗಿಸಿ ಅತ್ತಿಗುಪ್ಪೆಯಲ್ಲಿ ಮೆಟ್ರೋ ಇಳಿದು ಮನೆಯ ಕಡೆ ಕಾಲೆಳೆಯುವಾಗ ಆ ಮಾತು ನನ್ನ ಬಾಯಿಗೂ ಬರುತ್ತದೆ. ನನಗೆ ಬರುವುದು ಆ ಮಾತಷ್ಟೇ, ಅದರ ಮುಂದಿನ ಭಾಗ ಇನ್ನೂ ಅಭ್ಯಾಸವಾಗಿಲ್ಲ.

ಕೊನೆಯ ವರ್ಷ ಪ್ರತಿಯೊಬ್ಬರೂ ತಮ್ಮದೇ ಒಂದು ಪೋರ್ಟ್‌ಫೋಲಿಯೊ ವೆಬ್‌ಸೈಟು ಮಾಡಲೇಬೇಕು ಎಂಬುದು ಅವರ ಹಟ. ನಾವು ಮಾಡಿದ ಕೆಲಸವನ್ನೆಲ್ಲ ಒಂದು ಕಡೆ ಜೋಡಿಸಿಟ್ಟರೆ ಕೆಲಸ ಕೊಡುವವರು ಬಂದು ನೋಡುತ್ತಾರೆ, ಅಷ್ಟೇ ಅದರ ಅರ್ಥ. ಸಿಲಬಸ್‌ನಲ್ಲಿ ಅದು ಇರಲಿಲ್ಲ. ಅದಕ್ಕೆ ಮಾರ್ಕ್ಸೂ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಅರ್ಧ ಜನ ಗೊಣಗಿದೆವು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ವೆಬ್‌ಸೈಟಿಗೆ ಪುಕ್ಕಟೆಯಾಗಿ ಜಾಗ ಕೊಡುವ ಸೇವೆಗಳಿವೆ, ಅದರಲ್ಲೇ ಮಾಡಿ ಎಂದರು. ನೋಂದಾಯಿಸುವಾಗ ಕಾರ್ಡಿನ ನಂಬರು ಕೇಳಿದರೆ ಅದು ಪುಕ್ಕಟೆಯಲ್ಲ, ಅಲ್ಲಿಂದ ಎದ್ದು ಬನ್ನಿ ಎಂದರು. ಇದಕ್ಕೆಂದೇ ಬೇರೆ ಇ-ಮೇಲ್ ಮಾಡಿಸಿದರು. ನಮ್ಮೆಲ್ಲರ ಪಾಸ್‌ವರ್ಡೂ ಮನೆಯಲ್ಲಿ ಕರೆಯುವ ಹೆಸರಿನ ಮುಂದೆ ಹುಟ್ಟಿದ ವರ್ಷ ಎಂದು ನಾವು ಹೇಳದೆಯೇ ಅವರಿಗೆ ಗೊತ್ತಿತ್ತು. ಎಲ್ಲವನ್ನೂ ಬದಲಾಯಿಸಿದರು. ಪಾಸ್‌ವರ್ಡ್ ಹಾಕಿದ ಮೇಲೂ ಮೊಬೈಲಿಗೆ ಇನ್ನೊಂದು ನಂಬರು ಬರಬೇಕು ಎಂದಾಗ ನಾವು ರಾಗ ಎಳೆದೆವು. ಮರದ ಬಾಗಿಲಿಗೊಂದು ಬೀಗ, ಹೊರಗಿನ ಗ್ರಿಲ್ಲಿಗೊಂದು ಬೀಗ ನಿಮ್ಮಮ್ಮ ಹಾಕುವುದಿಲ್ಲವೇ, ಇದೂ ಹಾಗೇ ಎಂದು ನಮ್ಮ ಬಾಯಿ ಮುಚ್ಚಿಸಿದರು. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಕಂಡಿತು ಎಂದು ಯಾರೋ ಹಿಗ್ಗಿದಾಗ, ಅದರಿಂದ ದಾರಿ ಮಾತ್ರ ಭದ್ರ, ಒಳಗೆ ನೀವೇ ಎಲ್ಲ ಹರವಿಟ್ಟರೆ ಆ ಬೀಗ ಏನು ಮಾಡೀತು ಎಂದು ಕೇಳಿದರು.

ಅವರ ನಿಜವಾದ ಪಾಠ ಇದ್ದದ್ದು ಅಲ್ಲಿಯೇ, ಹರವುವ ವಿಷಯದಲ್ಲಿ. ನಮ್ಮ ಕಡೆ ಯಾರನ್ನಾದರೂ ನಿನ್ನ ಬಗ್ಗೆ ಒಂದು ಪುಟ ಬರಿ ಎಂದರೆ ಕೈ ತಾನಾಗಿ ಮದುವೆ ಬಯೋಡೇಟಾದ ಕಡೆಗೆ ಓಡುತ್ತದೆ. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಸ್ವಂತ ಮನೆ, ಯಾವ ಕ್ರಾಸು, ಯಾವ ಗುಡಿಯ ಎದುರು. ಅದು ಬರೆಯದಿದ್ದರೆ ಏನನ್ನೋ ಮುಚ್ಚಿಟ್ಟಂತೆ ನಮಗೆ ಅನ್ನಿಸುತ್ತದೆ. ಅದಕ್ಕೇ ಮೇಡಂ ಒಂದು ಉಪಾಯ ಮಾಡಿದ್ದರು. ಪುಟ ಮುಗಿಸಿದವಳು ತನ್ನ ಪುಟವನ್ನು ಪಕ್ಕದವಳಿಗೆ ಕೊಡಬೇಕು. ಪಕ್ಕದವಳು ಗೆಳತಿ ಎಂಬುದನ್ನು ಮರೆತು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಂತೆ ಅದನ್ನು ನೋಡಿ, ಇವಳ ಮನೆ ಎಲ್ಲಿದೆ ಎಂದು ಕಂಡುಹಿಡಿಯಬೇಕು. ಇದಕ್ಕೆ ನಾವು ಮನೆ ಹುಡುಕುವ ಆಟ ಎಂದು ಹೆಸರಿಟ್ಟಿದ್ದೆವು. ನಂದಿನಿ ಲೇಔಟಿನ ಹುಡುಗಿಯೊಬ್ಬಳು ವಿಳಾಸವನ್ನೇನೋ ಬರೆದಿರಲಿಲ್ಲ, ತಾನು ಬಿಟ್ಟ ರಂಗೋಲಿಯ ಫೋಟೊ ಮಾತ್ರ ಹಾಕಿದ್ದಳು. ರಂಗೋಲಿಯ ಹಿಂದೆ ಮನೆಯ ನಂಬರಿನ ಬೋರ್ಡು, ಅಪ್ಪನ ಸ್ಕೂಟರು, ಮೂಲೆಯಲ್ಲಿ ಬೀದಿಯ ಹೆಸರಿನ ಕಲ್ಲು ಎಲ್ಲ ಇದ್ದವು. ಮಹಾಲಕ್ಷ್ಮಿ ಲೇಔಟಿನ ಒಬ್ಬ ತನ್ನ ಎಲ್ಲ ಅಂಕಪಟ್ಟಿಗಳನ್ನೂ ಸ್ಕ್ಯಾನ್ ಮಾಡಿ, ಕೊನೆಯಲ್ಲಿ ಆಧಾರ್ ಕಾರ್ಡನ್ನೂ ಸೇರಿಸಿದ್ದ. ಕೇಳಿದರೆ ನಂಬಿಕೆ ಬರಲಿ ಅಂತ ಮೇಡಂ ಎಂದ. ಅವರು ಹಣೆ ಒತ್ತಿಕೊಂಡು, "ಕೆಲಸ ತೋರ್ಸು ಮಗಾ, ಮನೆ ತೋರಿಸ್ಬೇಡ" ಎಂದರು. ಪ್ರತಿ ವರ್ಷವೂ ಇದೇ ಮಾತನ್ನು ಪ್ರತಿ ಹುಡುಗನಿಗೂ ಹೇಳಿ ಹೇಳಿ ಅವರ ದನಿಯಲ್ಲಿ ಸಿಟ್ಟು ಸವೆದುಹೋಗಿತ್ತು.

ನನ್ನ ಪುಟದಲ್ಲಿ ಎರಡೇ ಕೆಲಸಗಳಿದ್ದವು. ಒಂದು, ಚಂದ್ರಾ ಲೇಔಟಿನ ನಮ್ಮ ಬೀದಿಗಳಲ್ಲಿ ಯಾವ ಕ್ರಾಸಿಗೆ ಯಾವ ದಿನ ಕಾವೇರಿ ನೀರು ಬಿಡುತ್ತಾರೆ ಎಂದು ತೋರಿಸುವ ಸಣ್ಣ ಆ್ಯಪ್. ಸುತ್ತಲಿನ ಆಂಟಿಯರು ಅದನ್ನು ನಿಜಕ್ಕೂ ಬಳಸುತ್ತಿದ್ದರು, ನೀರು ಬಾರದ ದಿನ ನನ್ನನ್ನೇ ಬೈಯುತ್ತಿದ್ದರು. ಇನ್ನೊಂದು, ಸೀರೆಗೆ ಕುಚ್ಚು ಕಟ್ಟುವ ನಮ್ಮ ಚಿಕ್ಕಮ್ಮನಿಗಾಗಿ ಮಾಡಿದ್ದು. ಸೀರೆಯ ಫೋಟೊ ಹಾಕಿದರೆ ಹೊಂದುವ ದಾರದ ಬಣ್ಣಗಳನ್ನು ಅದು ಹೇಳುತ್ತಿತ್ತು. ಮೇಡಂ ಎರಡನ್ನೂ ಒತ್ತಿ ಒತ್ತಿ ನೋಡಿದರು. ಆಮೇಲೆ ನೀರಿನದ್ದನ್ನು ಮೇಲೆ ಹಾಕು, ಅದು ಚೆನ್ನಾಗಿದೆ ಎಂದರು. ಅವರ ಬಾಯಿಂದ ಬಂದ ಹೊಗಳಿಕೆಯಲ್ಲಿ ಅದೇ ದೊಡ್ಡದು. ಮನೆ ಹುಡುಕುವ ಆಟದಲ್ಲಿ ನನ್ನ ಮನೆ ಯಾರಿಗೂ ಸಿಗಲಿಲ್ಲ.

ಸಿಗುವಂತೆ ಮಾಡಿದವರು ನಮ್ಮಪ್ಪ. ನಮ್ಮದು ಈ ಲೇಔಟುಗಳು ಬರುವ ಮುಂಚೆ ಇಲ್ಲೇ ರಾಗಿ ಬೆಳೆಯುತ್ತಿದ್ದ ಹಳ್ಳಿಯ ಮನೆತನ. ಹೊಲ ಹೋಗಿ ಸೈಟುಗಳಾದವು, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದವು. ಅಪ್ಪನ ಮಟ್ಟಿಗೆ ಮನುಷ್ಯನೆಂದರೆ ಇಂಥ ಮನೆಯ ಇಂಥವರ ಮಗ. ಒಂದು ಭಾನುವಾರ ನನ್ನ ಪುಟ ತೋರಿಸಿದೆ. ನೋಡಿದವರೇ, ಇದೇನವ್ವ ಯಾರೋ ಅನಾಥೆ ಬರೆದಂಗಿದೆ ಎಂದು ನೊಂದುಕೊಂಡರು. ಪಕ್ಕದಲ್ಲಿ ಕೂತು ಒಂದೊಂದೇ ಹೇಳಿ ಬರೆಸಿದರು. ತಮ್ಮ ಹೆಸರು, ತಾತನ ಹೆಸರು, ಅಮ್ಮನ ತವರು, ನನ್ನ ನಕ್ಷತ್ರ, ಎತ್ತರ, ಸ್ವಂತ ಮನೆ, ಗಣೇಶನ ಗುಡಿಯ ಎದುರು, ನೀಲಿ ಗೇಟು, ಮನೆಯವರೆಲ್ಲರ ಮೊಬೈಲ್ ನಂಬರು. ನನ್ನದೊಂದು ಫೋಟೊವನ್ನೂ ಹಾಕಿಸಿದರು. ನಾನು ಮೇಡಂ ಹೇಳಿದ್ದನ್ನು ಹೇಳಿ ನೋಡಿದೆ. ನಿಮ್ಮ ಮೇಡಂಗೆ ನಮ್ಮ ಮನೆ ವಿಚಾರ ಏನು ಗೊತ್ತು ಎಂದರು. ಅಪ್ಪ ಹಾಗೆ ಕೇಳಿದ ಮೇಲೆ ನಮ್ಮ ಮನೆಯಲ್ಲಿ ಮುಂದಕ್ಕೆ ಮಾತಿಲ್ಲ. ಅವರಿಗದು ನನ್ನ ಬಗೆಗಿನ ಹೆಮ್ಮೆ, ಅದೂ ನನಗೆ ಕಾಣುತ್ತಿತ್ತು. ಆ ಹೆಮ್ಮೆಯಲ್ಲೇ ಪುಟದ ಕೊಂಡಿಯನ್ನು ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸಿದರು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

ಮೊದಲು ಗುರುತಿಲ್ಲದವರ ಫೋನುಗಳು ಬಂದವು. ಆಮೇಲೆ ಒಂದು ಸಂಜೆ, ನಾನು ಕಾಲೇಜಿನಿಂದ ಬಂದು ಗೇಟು ತೆಗೆಯುತ್ತಿರುವಾಗ, ಎದುರಿನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಎದ್ದು ಬಂದ. ನನಗಿಂತ ಬಹಳ ದೊಡ್ಡವನು. ನನ್ನ ಹೆಸರು ಹಿಡಿದು ಕರೆದ. ಫೋಟೊದಲ್ಲಿ ಇನ್ನೂ ಬೆಳ್ಳಗಿದ್ದೀರಿ ಎಂದ. ನನ್ನ ನಕ್ಷತ್ರ ಹೇಳಿದ, ತನ್ನದಕ್ಕೆ ಕೂಡಿ ಬರುತ್ತದೆ ಎಂದ, ಗೇಟಿನ ಚಿಲಕದ ಮೇಲಿದ್ದ ನನ್ನ ಕೈ ಮೇಲೆ ಕೈ ಇಟ್ಟ. ಅಮ್ಮ ಒಳಗಿನಿಂದ ಕೂಗಿದರು, ಅಪ್ಪ ಓಡಿ ಬಂದರು, ಬೀದಿಯೆಲ್ಲ ಸೇರಿತು. ಅವನು ಹೋದ. ಅವನು ಹೋದ ಮೇಲೆ ಉಳಿದ ಸಿಟ್ಟೆಲ್ಲ ನನ್ನ ಕಡೆ ತಿರುಗಿತು. ನೆಟ್ಟಲ್ಲಿ ಹಾಕು ಅಂತ ಹೇಳಿಕೊಟ್ಟದ್ದು ಯಾರು, ಕಾಲೇಜಲ್ಲವೇ? ಹಾಗಾದರೆ ಕಾಲೇಜೂ ಬೇಡ, ಆ ಪುಟವೂ ಬೇಡ, ಕೆಲಸವೂ ಬೇಡ ಎಂದು ಅಪ್ಪ ತೀರ್ಮಾನ ಹೇಳಿಬಿಟ್ಟರು. ರಾಜಾಜಿನಗರದ ಒಂದು ಸಣ್ಣ ಆಫೀಸಿನವರು ಸೋಮವಾರ ನನ್ನನ್ನು ಸಂದರ್ಶನಕ್ಕೆ ಕರೆದಿದ್ದರು. ಪುಟ ನೋಡಿಯೇ ಮಾತಾಡುತ್ತೇವೆ ಎಂದಿದ್ದರು. ಆ ಸೋಮವಾರ ತಪ್ಪಿದರೆ ಮುಂದಿನದು ನನಗೆ ಗೊತ್ತಿತ್ತು. ಕೂಡಿ ಬಂದ ಯಾವುದೋ ನಕ್ಷತ್ರ, ಒಂದು ಛತ್ರ, ಮುಗಿಯಿತು. ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ನಿಂತು ಮೇಡಂಗೆ ಫೋನು ಮಾಡಿ ಅತ್ತೆ. ಅವರು ಸಮಾಧಾನವನ್ನೇನೂ ಹೇಳಲಿಲ್ಲ. ಪುಟ ಈಗಲೇ ಅಳಿಸಬೇಡ, ನಾಳೆ ಬರ್ತೀನಿ, ಅಪ್ಪ ಇರ್ತಾರಾ ಎಂದಷ್ಟೇ ಕೇಳಿದರು.

ಮರುದಿನ ಶನಿವಾರ ಮಧ್ಯಾಹ್ನ ಬಂದರು. ಬಸ್‌ಸ್ಟಾಪಿನಿಂದ ಬಿಸಿಲಲ್ಲಿ ನಡೆದು ಬಂದಿದ್ದರು. ಮುಖ ಬಿಳಿಚಿಕೊಂಡಿತ್ತು. ಒಳಗೆ ಬರದೆ ಜಗಲಿಯ ಮೇಲೇ ಕೂತು, ಅಮ್ಮ ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದರು. ಅಪ್ಪ ಜಗಳಕ್ಕೆ ಸಿದ್ಧರಾಗಿ ಎದುರು ಕುರ್ಚಿಯಲ್ಲಿ ಕೂತಿದ್ದರು. ಇಂಥ ದಣಿದ ಹೆಂಗಸಿನ ಜೊತೆ ಹೇಗೆ ಜಗಳ ಶುರು ಮಾಡುವುದು ಎಂದು ಅವರಿಗೆ ತಿಳಿಯಲಿಲ್ಲ. ನೀವು ಮಗಳ ಫೋನಲ್ಲಿ ನೋಡಿದ್ದೀರಿ, ಈಗ ನಿಮ್ಮ ಫೋನಲ್ಲೇ ತೆಗೆಯಿರಿ ಎಂದರು ಮೇಡಂ. ಅಪ್ಪ ತೆಗೆದರು.

"ಸಾರ್, ನೀವು ಇವಳ ಅಪ್ಪ ಅಲ್ಲ ಅಂದ್ಕೊಳಿ. ನಿನ್ನೆ ಆ ಕಟ್ಟೆ ಮೇಲೆ ಕೂತಿದ್ನಲ್ಲ, ಅವ್ನು ಅಂದ್ಕೊಳಿ. ಮೇಲಿಂದ ಜೋರಾಗಿ ಓದಿ."

ಅಪ್ಪನ ಮುಖ ಕೆಂಪಾಯಿತು. ಏನು ಮಾತು ಆಡ್ತೀರ ಎಂದರು. ಮೇಡಂ ಕದಲಲಿಲ್ಲ, ದನಿ ಏರಿಸಲೂ ಇಲ್ಲ. ಓದಿ ಸಾರ್ ಎಂದು ಇನ್ನೊಮ್ಮೆ ಹೇಳಿ, ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ಅಪ್ಪ ಓದತೊಡಗಿದರು. ನನ್ನ ಹೆಸರು ಓದಿದರು. ವಯಸ್ಸು ಓದಿದರು. ಎತ್ತರ ಓದುವಾಗ ದನಿ ಸ್ವಲ್ಪ ತಗ್ಗಿತು. ಫೋಟೊ ಬಂದಾಗ ಬೆರಳಿನಿಂದ ಬೇಗ ಮೇಲಕ್ಕೆ ಸರಿಸಿದರು. ನನ್ನ ನಂಬರು, ಅಮ್ಮನ ನಂಬರು. ಗಣೇಶನ ಗುಡಿ ಎದುರು ಎಂದು ಓದಿ ತಲೆಯೆತ್ತಿದರು. ಎದುರಿಗೆ ಗುಡಿ ಕಾಣುತ್ತಿತ್ತು. ನೀಲಿ ಗೇಟು ಎಂಬುದನ್ನು ಅವರು ಓದಲಿಲ್ಲ. ಫೋನನ್ನು ತೊಡೆಯ ಮೇಲೆ ಕವುಚಿಟ್ಟರು. ನಮ್ಮಪ್ಪನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅವರೇ, ಅಳಿಸಿಬಿಡು, ಎಲ್ಲ ಅಳಿಸಿಬಿಡು ಎಂದರು. ಎಲ್ಲ ಬೇಡ ಎಂದರು ಮೇಡಂ. ನನ್ನ ಲ್ಯಾಪ್‌ಟಾಪನ್ನು ತರಿಸಿ ಅಪ್ಪನ ಮುಂದಿಟ್ಟು, ಯಾವ ಸಾಲು ಇರಬೇಕು, ಯಾವುದು ಬೇಡ ಎಂಬುದನ್ನು ಅವರ ಕೈಯಲ್ಲೇ ಮಾಡಿಸಿದರು. ಅಪ್ಪ ಒಂದೇ ಬೆರಳಿನಿಂದ ಅಕ್ಷರ ಅಕ್ಷರವಾಗಿ ಅಳಿಸಿದರು. ನಂಬರುಗಳು ಹೋದವು, ಫೋಟೊ ಹೋಯಿತು, ಗುಡಿ ಹೋಯಿತು, ಗೇಟು ಹೋಯಿತು, ತಾತ ಹೋದರು. ಫೋನಿನ ಬದಲು ಮೇಡಂ ಮಾಡಿಸಿದ್ದ ಇ-ಮೇಲ್ ಒಂದು ಉಳಿಯಿತು. ತಮ್ಮ ಹೆಸರಿನ ಹತ್ತಿರ ಬಂದು ಕೈ ನಿಲ್ಲಿಸಿದರು.

"ಇದಾದ್ರೂ ಇರ್ಲಿ ಮೇಡಂ. ಯಾರ ಮಗ್ಳು ಅಂತ ಗೊತ್ತಾಗ್ಬೇಡ್ವಾ?"

"ಯಾರ ಮಗಳು ಅಂತ ಗೊತ್ತಾಗೋದು ಬೇಡ ಸಾರ್. ಏನು ಮಾಡ್ತಾಳೆ ಅಂತ ಗೊತ್ತಾಗ್ಲಿ."

ಅಪ್ಪ ನೀರಿನ ಆ್ಯಪ್‌ನ ಚಿತ್ರವನ್ನೇ ನೋಡುತ್ತ ಕೂತರು. ಅದನ್ನು ಮಾಡಿದ್ದು ನಾನು ಎಂದು ಅವರಿಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಬೀದಿಯವರೆಲ್ಲ ನೋಡ್ತಾರಲ್ಲ, ಅದು ನಿಂದಾ ಎಂದು ಕೇಳಿದರು. ಹೂಂ ಎಂದೆ. ತಮ್ಮ ಹೆಸರನ್ನು ಅಳಿಸಿದರು. ಮೇಡಂ ಎದ್ದು ನಿಂತು, ಸೋಮವಾರ ಕಳಿಸ್ತೀರಲ್ಲ ಸಾರ್ ಎಂದು ಮಾತ್ರ ಕೇಳಿದರು. ಅಪ್ಪ ತಲೆಯಾಡಿಸಿ, ಬಸ್‌ಸ್ಟಾಪಿನವರೆಗೆ ಬಿಡುತ್ತೇನೆ ಎಂದು ಬೈಕ್ ತೆಗೆದರು. ಅವರನ್ನು ಬಸ್‌ಸ್ಟಾಪಿಗೆ ಬಿಡದೆ ಕೆಂಗೇರಿಯವರೆಗೂ ಬಿಟ್ಟುಬಂದರು ಎಂದು ಆಮೇಲೆ ಗೊತ್ತಾಯಿತು.

ಆ ಕೆಲಸ ನನಗೆ ಸಿಕ್ಕಿತು. ಲೋಕ ಗೆಲ್ಲುವ ಕೆಲಸವೇನಲ್ಲ. ಅಂಗಡಿ, ಕ್ಲಿನಿಕ್ಕು, ಛತ್ರಗಳಿಗೆ ವೆಬ್‌ಸೈಟು ಮಾಡಿಕೊಡುವ ಆಫೀಸು. ಇವತ್ತಿಗೂ ಅಲ್ಲೇ ಇದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಕೂತು, ಲೋಗೊ ಇನ್ನೂ ದೊಡ್ಡದು ಮಾಡಿ ಎನ್ನುವವರ ಲೋಗೊ ದೊಡ್ಡದು ಮಾಡುತ್ತೇನೆ. ಬೆನ್ನು ನೋಯುತ್ತದೆ. ಆದರೆ ಮದುವೆಯಾಗುವಾಗ ಯಾರನ್ನು, ಯಾವಾಗ ಎಂದು ನನ್ನನ್ನು ಕೇಳಿದರು. ನಮ್ಮ ಮನೆತನದಲ್ಲಿ ಹಾಗೆ ಕೇಳಿಸಿಕೊಂಡ ಮೊದಲ ಹೆಣ್ಣು ನಾನು. ಸ್ವಂತ ಸಂಬಳವಿದ್ದದ್ದಕ್ಕೇ ಕೇಳಿದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮೊದಲ ಸಂಬಳ ಬಂದ ವಾರ ನನ್ನ ಪುಟದ ಕೆಳಗೆ ಒಂದು ಸಾಲು ಬರೆದೆ. ಇದನ್ನೆಲ್ಲ ಕಲಿಸಿದವರು ಎಂದು ಮೇಡಂ ಅವರ ಪೂರ್ತಿ ಹೆಸರು ಹಾಕಿ, ಕಾಲೇಜಿಗೆ ಹೋಗಿ ತೋರಿಸಿದೆ. ಖುಷಿಯಾಗುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನನ್ನ ಕೇಳಿದ್ಯೇನೇ?"

ಈಗ ಕೇಳ್ತಾ ಇದೀನಿ ಮೇಡಂ ಎಂದೆ. ಹಾಕಿದ ಮೇಲೆ ಕೇಳುವುದು ಕೇಳಿದಂತಲ್ಲ ಎಂದರು. ನಿನ್ನ ಕೆಲಸ ನಿನ್ನದು, ಇನ್ನೊಬ್ಬರ ಹೆಸರು ಅವರದ್ದು, ಅವರು ಹೂಂ ಅನ್ನದೆ ಮುಟ್ಟಬಾರದು, ಒಳ್ಳೆಯ ಮಾತೇ ಆದರೂ ಎಂದರು. ಅವರ ಎದುರಿಗೇ ಆ ಸಾಲು ತೆಗೆದೆ. ತೆಗೆದು, ಸರಿ, ಈಗ ಕೇಳುತ್ತೇನೆ, ಹಾಕಲೇ ಎಂದೆ. ಅವರು ನಕ್ಕರು. ಯೋಚನೆ ಮಾಡಿ ಹೇಳ್ತೀನಿ ಹೋಗು ಎಂದರು.

ಯೋಚನೆ ಮಾಡಲು ಅವರಿಗೆ ಪುರುಸೊತ್ತು ಸಿಗಲಿಲ್ಲವೋ ಏನೋ. ಯುಗಾದಿಗೆ, ಶಿಕ್ಷಕರ ದಿನಕ್ಕೆ ಫೋನು ಮಾಡಿದಾಗ ಕೇಳುತ್ತಿದ್ದೆ. ಒಮ್ಮೆ ಅವರ ಅತ್ತೆ ತೀರಿಕೊಂಡಿದ್ದರು, ಒಮ್ಮೆ ಪರೀಕ್ಷೆಯ ಪೇಪರುಗಳ ರಾಶಿ ಇತ್ತು. ಆ ಕಾಲಿನ ಊತ ಬರಿಯ ನಿಂತದ್ದರಿಂದ ಬಂದದ್ದಲ್ಲ, ಕಿಡ್ನಿಯದ್ದು ಎಂದು ಅವರಿಗೂ ತಡವಾಗಿ ತಿಳಿಯಿತು. ಡಯಾಲಿಸಿಸ್ ಶುರುವಾದ ಮೇಲೆ ಕೆಂಗೇರಿಯ ಮನೆಗೆ ಹೋಗಿದ್ದೆ. ಮಂಚದ ಮೇಲೆ ಮಲಗಿಯೇ ನನ್ನ ಆಫೀಸಿನ ವಿಷಯ ಕೇಳಿದರು. ಯಾರೋ ಹಳೆಯ ವಿದ್ಯಾರ್ಥಿನಿ ಫೋನಿನಲ್ಲಿ ಪುಟ ತೋರಿಸಿದ್ದಳಂತೆ, ಅದರಲ್ಲಿ ಆಫೀಸಿನ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡ ಫೋಟೊ ಇತ್ತಂತೆ, ತೆಗೆಸಿದೆ ಎಂದರು. ಹೊರಡುವಾಗ ಮತ್ತೆ ಕೇಳಿದೆ, ಹೆಸರು ಹಾಕಲೇ ಮೇಡಂ ಎಂದು. "ಸುಸ್ತು ಕಣೇ. ಇನ್ನೊಂದಿನ ಹೇಳ್ತೀನಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಒತ್ತಾಯ ಮಾಡುವ ಹೊತ್ತಲ್ಲ ಅದು.

ಕಳೆದ ತಿಂಗಳು ಹೋಗಿಬಿಟ್ಟರು. ಸುದ್ದಿ ಕೇಳಿ ಅಪ್ಪ ತಾವೂ ಬರುವುದಾಗಿ ಹೊರಟರು. ಅವರ ಬೈಕಿನ ಹಿಂದೆ ಕೂತೇ ಹೋದೆ. ಮನೆಯ ಮುಂದೆ ಪೆಂಡಾಲು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಬೇರೆ ಬೇರೆ ವಯಸ್ಸಿನ ಹಳೆಯ ವಿದ್ಯಾರ್ಥಿಗಳು. ಮೇಡಂ ಅವರ ಯಜಮಾನರು ನನ್ನನ್ನು ಗುರುತು ಹಿಡಿದು, ನೆಟ್ಟಲ್ಲಿ ಅವಳದ್ದು ಏನಾದರೂ ಇದ್ದರೆ ಹುಡುಕಿಕೊಡಮ್ಮ, ಒಂದು ಪಾಠ, ಒಂದು ಫೋಟೊ, ಏನಾದರೂ ಎಂದರು. ಅಪ್ಪನ ಮನೆಗೆ ಬಂದು ಹುಡುಕಿದೆ. ನೆಟ್ಟೇ ನನ್ನ ಕಸುಬು, ನನಗೆ ಬರುವ ವಿದ್ಯೆಯನ್ನೆಲ್ಲ ಉಪಯೋಗಿಸಿದೆ. ಏನೂ ಸಿಗಲಿಲ್ಲ. ಅವರು ಹೇಳಿಕೊಟ್ಟದ್ದನ್ನು ಅವರಷ್ಟು ಚೆನ್ನಾಗಿ ನಾವ್ಯಾರೂ ಪಾಲಿಸಿರಲಿಲ್ಲ.

ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಕೊನೆಗೆ, "ಅವತ್ತು ನನ್ನ ಹೆಸ್ರು ತೆಗ್ಸಿದ್ರಲ್ಲವ್ವ, ಆ ಜಾಗ್ದಲ್ಲಿ ಅವ್ರುದ್ದು ಹಾಕು" ಎಂದರು.

ಪುಟ ತೆರೆದೆ. ಹೆಸರಿನ ಮೊದಲ ಅಕ್ಷರ ಒತ್ತಿ, ಅಳಿಸಿದೆ. ಅಪ್ಪನಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ. ಇದರಲ್ಲಿಯೂ ಅವರ ಹೆಸರಿಲ್ಲ. ಕೇಳಿದ್ದೇನೆ, ಅವರು ಇನ್ನೂ ಹೂಂ ಅಂದಿಲ್ಲ.